ಗೆದ್ದವಳ ಬಳುವಳಿ

ಬಳುವಳಿ ಎಂಬುದು ನಮ್ಮ ಮನೆಮನೆಗೂ ಪರಿಚಿತವಾದ ಮಾತು. ಮಗಳು ಗಂಡನ ಮನೆಗೆ ಹೊರಟು ನಿಂತಾಗ ತವರಿನವರು ಅವಳೊಡನೆ ಕಟ್ಟಿ ಕಳುಹಿಸುವ ಪಾತ್ರೆ ಪದಾರ್ಥ, ಬಂಗಾರ ಬೆಳ್ಳಿ, ಒಂದು ಕಾಲಕ್ಕೆ ಹಸು ಕರು, ಇವಕ್ಕೆ ಆ ಹೆಸರು. ಕೊಡುವವರು ತವರಿನವರು, ಪಡೆಯುವವಳು ಮಗಳು, ಇದು ಲೋಕರೂಢಿ. ಮಗಳೇ ತವರಿಗೆ ಬಳುವಳಿ ಕೊಟ್ಟದ್ದುಂಟೆ? ಕೊಟ್ಟರೆ ಅದನ್ನು ತೆಗೆದುಕೊಳ್ಳುವ ರೀತಿ ತವರಿಗೆ ಗೊತ್ತಿದೆಯೆ? ಈ ಪ್ರಶ್ನೆ ನನ್ನ ತಲೆಯನ್ನು ಹೊಕ್ಕದ್ದು ಟೆನ್ನಿಸ್ ಆಟದ ದೆಸೆಯಿಂದ ಎಂದರೆ ಓದುಗರು ನಗಬಹುದು. ನಾನಾದರೂ ಜನ್ಮದಲ್ಲಿ ಒಮ್ಮೆಯೂ ಟೆನ್ನಿಸ್ ಬ್ಯಾಟು ಹಿಡಿದವನಲ್ಲ.

ನಮ್ಮ ಮನೆ ಕಲಬುರಗಿಯ ಶಹಾಬಜಾರದಲ್ಲಿ. ಬಹಮನಿ ಸುಲ್ತಾನರ ಕಾಲದ ಮಸೀದಿಯೊಂದು ಇಂದಿಗೂ ನಿಂತಿರುವ ಹಳೆಯ ಬಡಾವಣೆಯಿದು. ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಇಲ್ಲಿ ಒಂದೇ ಚಹಾದಂಗಡಿಯ ಬೆಂಚಿನ ಮೇಲೆ ಸಾಲಾಗಿ ಕೂಡುತ್ತವೆ. 2005ನೆಯ ಇಸವಿಯ ಫೆಬ್ರುವರಿ 12, ಶನಿವಾರ. ನಾಕಾದ ಹತ್ತಿರದ ಅಂಥದೊಂದು ಅಂಗಡಿಯಲ್ಲಿ ಟಿ.ವಿ.ಯ ಮುಂದೆ ಜನ ನೆರೆದಿದ್ದರು. ಕ್ರಿಕೆಟ್ಟಿಲ್ಲದ ದಿನ ಆ ಪೆಟ್ಟಿಗೆಯ ಮುಂದೆ ಅಷ್ಟು ಜನ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ಹೈದರಾಬಾದಿನಲ್ಲಿ ಹದಿನೆಂಟು ವರ್ಷದ ಸಾನಿಯಾ ಮಿರ್ಜಾ, ಉಕ್ರೇನಿನ ಅಲ್ಯೋನಾ ಬೊಂಡರೆಂಕೋ ಎಂಬವಳೊಡನೆ ಅಂತಿಮ ಪಂದ್ಯ ಆಡುತ್ತಿದ್ದಳು. ನೋಡುತ್ತಿದ್ದವರಲ್ಲಿ ಅರ್ಧ ಜನಕ್ಕೆ ಆಟದ ಎಣಿಕೆಯೇ ತಿಳಿಯದು. ಹದಿನೈದು, ಮೂವತ್ತು ಆದ ಮೇಲೆ ನಲವತ್ತೇಕೆ, ನಲವತ್ತೈದೇಕಲ್ಲ ಎಂದು ಒಬ್ಬರು ಕೇಳಿದರು. ಉತ್ತರ ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಆದರೂ 6-4, 5-7, 6-3ರಿಂದ ಅವಳು ಗೆದ್ದು, ಮಹಿಳೆಯರ ವಿಶ್ವ ಪಂದ್ಯಾವಳಿಯಲ್ಲಿ ಸಿಂಗಲ್ಸ್ ಪ್ರಶಸ್ತಿ ಪಡೆದ ಮೊದಲ ಭಾರತೀಯಳಾದಾಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಅಂಗಡಿಯವನು "ನಮ್ಮ ಹೈದ್ರಾಬಾದ್ ಹುಡಿಗಿರೀ" ಎಂದು ಅಂದಿನ ಚಹಾದ ದುಡ್ಡು ಬಿಟ್ಟ.

"ನಮ್ಮ" ಎಂಬ ಆ ಮಾತು ಸುಮ್ಮನೆ ಬಂದದ್ದಲ್ಲ. 1956ರ ನವೆಂಬರ್ ಒಂದರವರೆಗೆ ನಾವು ಹೈದರಾಬಾದ್ ಸಂಸ್ಥಾನದ, ಅನಂತರ ಆ ಹೆಸರಿನ ರಾಜ್ಯದ ಜನ. ಬೆಂಗಳೂರು ನಮಗೆ ರಾಜಧಾನಿ, ಹೈದರಾಬಾದು ನೆರೆಮನೆ. ದವಾಖಾನೆಗೆ, ಲಗ್ನದ ಜವಳಿಗೆ, ಮಕ್ಕಳ ನೌಕರಿಗೆ ಇಲ್ಲಿಯ ಜನ ವಾಡಿಯ ಮೇಲೆ ಹಾಯ್ದು ಆ ಕಡೆಗೇ ರೈಲು ಹಿಡಿಯುತ್ತಾರೆ. ಮುಂಬಯಿಯಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ಬೆಳೆದು, ಆರನೆಯ ವಯಸ್ಸಿಗೆ ಬ್ಯಾಟು ಹಿಡಿದ ಆ ಹುಡುಗಿಯನ್ನು ನಾವು ನಮ್ಮವಳೆಂದುಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ "ನಮ್ಮವಳು" ಎಂದವರ ಮೇಲೆ ಏನು ಹೊಣೆ ಬೀಳುತ್ತದೆಂಬುದನ್ನು ಆ ದಿನ ಯಾರೂ ವಿಚಾರಿಸಲಿಲ್ಲ. ನಾನೂ ವಿಚಾರಿಸಲಿಲ್ಲ.

ಮುಂದಿನ ಹದಿನೆಂಟು ವರ್ಷಗಳ ಕಥೆಯನ್ನು ಪತ್ರಿಕೆ ಓದುವವರಿಗೆ ಹೇಳಬೇಕಾದ್ದಿಲ್ಲ. ಅದೇ ವರ್ಷ ಅಮೆರಿಕದ ಓಪನ್ನಿನಲ್ಲಿ ನಾಲ್ಕನೆಯ ಸುತ್ತು. 2007ರಲ್ಲಿ ಸಿಂಗಲ್ಸಿನಲ್ಲಿ ಜಗತ್ತಿನ 27ನೆಯ ಸ್ಥಾನ. ಆಮೇಲೆ ಮುಂಗೈಯ ನೋವು, ಶಸ್ತ್ರಚಿಕಿತ್ಸೆ. ಒಬ್ಬಳೇ ಆಡುವ ಆಟವನ್ನು ಬಿಟ್ಟು ಜೋಡಿಯಾಟವೊಂದನ್ನೇ ಹಿಡಿದದ್ದು 2013ರಲ್ಲಿ. 2015ರ ಏಪ್ರಿಲ್ 13ರಂದು ಆ ಜೋಡಿಯಾಟದಲ್ಲಿ ಜಗತ್ತಿಗೇ ಮೊದಲನೆಯವಳಾದಳು. ಮಹೇಶ ಭೂಪತಿಯೊಡನೆ ಎರಡು, ಬ್ರೆಜಿಲಿನ ಬ್ರೂನೋ ಸೊವಾರೆಸ್‌ನೊಡನೆ ಒಂದು, ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸಳೊಡನೆ ಮೂರು, ಹೀಗೆ ಆರು ಮಹಾಪ್ರಶಸ್ತಿಗಳು. ಹಿಂಗಿಸಳ ಜೊತೆಗೆ ಒಂದರ ಮೇಲೊಂದರಂತೆ 41 ಪಂದ್ಯ ಸೋಲದೆ ಗೆದ್ದದ್ದುಂಟು. 2018ರಲ್ಲಿ ಮಗನನ್ನು ಹೆತ್ತು, 2020ರ ಜನವರಿಯಲ್ಲಿ ಮರಳಿ ಅಂಕಣಕ್ಕಿಳಿದು ಹೋಬಾರ್ಟಿನಲ್ಲಿ ಪ್ರಶಸ್ತಿ ಗೆದ್ದಳು. 2023ರ ಫೆಬ್ರುವರಿಯಲ್ಲಿ ದುಬೈಯಲ್ಲಿ ಕೊನೆಯ ಪಂದ್ಯ.

ಇನ್ನು ವಿಚಾರಕ್ಕೆ ಬರೋಣ. ಆಟಗಾರ್ತಿ ಹೋದ ಮೇಲೆ ಉಳಿಯುವುದೇನು?

ನಮ್ಮ ಓಣಿಯ ನಿವೃತ್ತ ಗುಮಾಸ್ತರೊಬ್ಬರು, ನನ್ನ ಸಂಜೆಯ ಸಂಗಾತಿಗಳು, ಈ ಪ್ರಶ್ನೆಗೆ ಕಟ್ಟೆಯ ಮೇಲೆ ಕುಳಿತೇ ತೀರ್ಪು ಕೊಟ್ಟರು. "ಏನ್ ಉಳೀತದರೀ ಮಾಸ್ತರ್ರ? ಬಾವಿ ತೋಡಿದವನ ನೀರು ಉಳೀತದ. ಶಾಲಿ ಕಟ್ಟಿದವನ ಗ್ವಾಡಿ ಉಳೀತದ. ಚೆಂಡು ಹೊಡದದ್ದು ಏನ್ ಉಳೀತದ? ಚೆಂಡು ಆ ಕಡಿ ಹೋತು, ಈ ಕಡಿ ಬಂತು, ಮುಗೀತು." ಈ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಆಟವೆಂಬುದು ಆಡುತ್ತಿರುವಷ್ಟು ಹೊತ್ತು ಮಾತ್ರ ಇರುವ ಸಂಗತಿ. ಕವಿ ಸತ್ತರೆ ಕಾವ್ಯ ಉಳಿಯುತ್ತದೆ. ಶಿಲ್ಪಿ ಸತ್ತರೆ ಕಲ್ಲು. ಆಟಗಾರ ಮಾಡಿದ್ದು ಮಾಡಿದ ಮರುಗಳಿಗೆಯಲ್ಲೇ ಇಲ್ಲವಾಗುತ್ತದೆ. ಉಳಿಯುವುದು ದಾಖಲೆ, ಅದನ್ನು ಮುರಿಯುವವರು ಇನ್ನೊಂದು ದಿನ ಬರುತ್ತಾರೆ.

ಹಾಗಾದರೆ ಉಳಿದದ್ದು ಸ್ಫೂರ್ತಿ ಎನ್ನೋಣವೆ? ಸಭೆ ಸಮಾರಂಭಗಳಲ್ಲಿ ಈ ಮಾತು ಧಾರಾಳವಾಗಿ ಸಿಕ್ಕುತ್ತದೆ. ಆದರೆ ಸ್ಫೂರ್ತಿ ತಾನಾಗಿಯೇ ಹಬ್ಬುವ ವಸ್ತುವಲ್ಲ ಎಂಬುದಕ್ಕೆ ಟೆನ್ನಿಸ್ಸಿನ ಇತಿಹಾಸವೇ ಸಾಕ್ಷಿ. 1934ರಲ್ಲಿ ಲೀಲಾ ರಾವ್ ಎಂಬ ತರುಣಿ ವಿಂಬಲ್ಡನ್ನಿನಲ್ಲಿ ಪಂದ್ಯವೊಂದನ್ನು ಗೆದ್ದಳು. ಅಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆ ಆಕೆ. ತಾಯಿ ಕ್ಷಮಾ ರಾವ್ ಸಂಸ್ಕೃತದಲ್ಲಿ ಕಾವ್ಯ ಬರೆದ ಪಂಡಿತೆ, ಸ್ವತಃ ಟೆನ್ನಿಸ್ ಆಡುತ್ತಿದ್ದವಳು. ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೆ ಹದಿಮೂರು ವರ್ಷ ಮೊದಲಿನ ಮಾತಿದು! 1952ರಲ್ಲಿ ರೀಟಾ ದಾವರ್ ಎಂಬ ಹುಡುಗಿ ವಿಂಬಲ್ಡನ್ನಿನ ಬಾಲಕಿಯರ ವಿಭಾಗದಲ್ಲಿ ಅಂತಿಮ ಪಂದ್ಯದವರೆಗೆ ಹೋದಳು. ಆಮೇಲೆ? ಟೆನ್ನಿಸ್ಸಿನಲ್ಲಿ ಹೊಸ ಯುಗ ಆರಂಭವಾದದ್ದು 1968ರಲ್ಲಿ. ಆ ಯುಗದ ಮಹಾಪಂದ್ಯಾವಳಿಗಳ ಮುಖ್ಯ ಸುತ್ತಿನಲ್ಲಿ ಭಾರತೀಯ ಮಹಿಳೆಯೊಬ್ಬಳು ಮೊದಲ ಸಲ ಒಂದು ಸಿಂಗಲ್ಸ್ ಪಂದ್ಯ ಗೆಲ್ಲುವುದಕ್ಕೆ 1998 ಬರಬೇಕಾಯಿತು. ಗೆದ್ದವಳು ಕೊಯಮತ್ತೂರಿನ ನಿರುಪಮಾ ವೈದ್ಯನಾಥನ್. ಲೀಲಾ ರಾವ್ ಹಚ್ಚಿದ ದೀಪದಲ್ಲಿ ಎಣ್ಣೆಯಿರಲಿಲ್ಲವೆಂದಲ್ಲ. ಅದರಿಂದ ತನ್ನ ದೀಪ ಹಚ್ಚಿಕೊಳ್ಳಲು ಬತ್ತಿ ಹಿಡಿದು ನಿಂತವರು ಇರಲಿಲ್ಲ, ನಿಲ್ಲಲು ಬಂದವರನ್ನು ನಾವು ಬಿಡಲಿಲ್ಲ.

ಹೊರದೇಶದ್ದೂ ಇದೇ ಕಥೆ. ಆಲ್ಥಿಯಾ ಗಿಬ್ಸನ್ ಎಂಬ ಅಮೆರಿಕದ ಕರಿಯ ಹೆಣ್ಣುಮಗಳು 1957 ಮತ್ತು 1958ರಲ್ಲಿ ವಿಂಬಲ್ಡನ್ನನ್ನೂ ತನ್ನ ದೇಶದ ಪ್ರಶಸ್ತಿಯನ್ನೂ ಗೆದ್ದಳು. ಅಮೆರಿಕದ ಆ ಪ್ರಶಸ್ತಿಯನ್ನು ಅವಳ ಬಣ್ಣದ ಇನ್ನೊಬ್ಬ ಹೆಣ್ಣು ಗೆದ್ದದ್ದು 1999ರಲ್ಲಿ, ಸೆರೆನಾ ವಿಲಿಯಮ್ಸ್. ನಡುವೆ ನಲವತ್ತೊಂದು ವರ್ಷ. ಗಿಬ್ಸನಳ ಪ್ರತಿಮೆಯನ್ನು ಆ ಅಂಕಣದ ಆವರಣದಲ್ಲಿ ನಿಲ್ಲಿಸಿದ್ದು 2019ರಲ್ಲಿ. ಇನ್ನು ಬಿಲ್ಲಿ ಜೀನ್ ಕಿಂಗಳ ಹೋರಾಟದಿಂದ ಅಮೆರಿಕದ ಓಪನ್ನಿನಲ್ಲಿ ಹೆಣ್ಣಿಗೂ ಗಂಡಿಗೂ ಸಮನಾದ ಬಹುಮಾನ ಸಿಕ್ಕಿದ್ದು 1973ರಲ್ಲಿ. ಅದೇ ನ್ಯಾಯ ವಿಂಬಲ್ಡನ್ನಿಗೆ ಮುಟ್ಟಿದ್ದು 2007ರಲ್ಲಿ. ಅದಕ್ಕಾಗಿ ವೀನಸ್ ವಿಲಿಯಮ್ಸ್ ಮತ್ತೆ ಮೊದಲಿನಿಂದ ವಾದ ಮಾಡಬೇಕಾಯಿತು. ಒಬ್ಬಳು ಗೆದ್ದುಕೊಟ್ಟದ್ದನ್ನು ಇನ್ನೊಬ್ಬಳು ಹೋಗಿ ಸ್ವಾಧೀನಕ್ಕೆ ತೆಗೆದುಕೊಳ್ಳದಿದ್ದರೆ ಅದು ಅಲ್ಲೇ ಬಿದ್ದಿರುತ್ತದೆ.

ಆಸ್ತಿಯ ವ್ಯವಹಾರ ಬಲ್ಲವರಿಗೆ ಇದು ಹೊಸ ಮಾತಲ್ಲ. ಮೃತ್ಯುಪತ್ರದಲ್ಲಿ ಹೆಸರು ಬರೆದಿದ್ದರೆ ಸಾಲದು. ವಾರಸುದಾರ ಮುಂದೆ ಬಂದು ಸ್ವೀಕರಿಸಬೇಕು, ಖಾತೆ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು, ಕಂದಾಯ ಕಟ್ಟಬೇಕು. ಕಂದಾಯ ಕಟ್ಟದವನು "ಹೊಲ ನಮ್ಮದು" ಎಂದು ಕಟ್ಟೆಯ ಮೇಲೆ ಎಷ್ಟು ಹೇಳಿಕೊಂಡರೇನು? ಸಾನಿಯಾ ಬಿಟ್ಟುಹೋದದ್ದಕ್ಕೆ ನಾವು ಕಟ್ಟಿದ ಕಂದಾಯವೆಷ್ಟು?

ಲೆಕ್ಕ ನೋಡಿದರೆ ತಲೆ ತಗ್ಗಿಸಬೇಕಾಗುತ್ತದೆ. ಅವಳಿಂದ ನಾವು ಪಡೆದ ಸಂತೋಷ ಬಹಳ. ಅವಳಿಗೆ ನಾವು ಕೊಟ್ಟದ್ದು ಬಹುಮಟ್ಟಿಗೆ ಪ್ರಶ್ನೆಗಳು. 2005ರಲ್ಲಿ ಧರ್ಮದ ಹೆಸರಿನಲ್ಲಿ ಅವಳ ಲಂಗದ ಉದ್ದವನ್ನು ಅಳೆದರು. ಫ್ರಾನ್ಸಿನ ಸುಜಾನ್ ಲೆಂಗ್ಲೆನ್ 1919ರಲ್ಲಿ ಮೊಣಕೈ ಕಾಣುವ ಅಂಗಿ ತೊಟ್ಟು ವಿಂಬಲ್ಡನ್ನಿಗೆ ಬಂದಾಗ ಲಂಡನ್ನಿನ ದೊಡ್ಡ ಜನ ಮೂಗು ಮುರಿದದ್ದು ಇದೇ ರೀತಿಯಲ್ಲಿ. ಆದ್ದರಿಂದ ಇದನ್ನು ಒಂದು ಮತದ ತಲೆಗೆ ಕಟ್ಟುವುದು ನ್ಯಾಯವಲ್ಲ. 2010ರಲ್ಲಿ ಮದುವೆಯಾದಾಗ ದೇಶಭಕ್ತಿಯ ಹೆಸರಿನಲ್ಲಿ ಅವಳ ಗಂಡನ ಊರನ್ನು ಅಳೆದರು. 2014ರಲ್ಲಿ ತೆಲಂಗಾಣ ಸರಕಾರ ಅವಳನ್ನು ತನ್ನ ರಾಯಭಾರಿಯಾಗಿ ಆರಿಸಿದಾಗ ಪರದೇಶದ ಸೊಸೆಗೆ ಈ ಮಾನವೇಕೆ ಎಂದು ಕೇಳಿದವರೂ ಉಂಟು. ಒಬ್ಬ ಗಂಡಸು ಆಟಗಾರನ ಅತ್ತೆಯ ಮನೆಯ ವಿಳಾಸವನ್ನು ಯಾರಾದರೂ ಹೀಗೆ ಕೇಳಿದ್ದನ್ನು ನಾನು ಕಾಣೆ.

ಕರ್ನಾಟಕದವರಾದ ನಾವು ನೆನೆಯಬೇಕಾದ ಸಂಗತಿಯೊಂದಿದೆ. 2008ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಮಹಿಳೆಯರ ದೊಡ್ಡ ಪಂದ್ಯಾವಳಿ ನಡೆಯಿತು. ವೀನಸ್ ಬಂದಳು, ಸೆರೆನಾ ಬಂದು ಪ್ರಶಸ್ತಿ ಗೆದ್ದಳು. ಜಗತ್ತೇ ಬೆಂಗಳೂರಿಗೆ ಬಂದಿದ್ದ ಆ ವಾರ ಭಾರತದ ಅತ್ಯುತ್ತಮ ಆಟಗಾರ್ತಿ ಬರಲಿಲ್ಲ. ಸ್ವದೇಶದಲ್ಲಿ ಆಡಿದಾಗಲೆಲ್ಲ ಏನಾದರೊಂದು ವಿವಾದ ಎದುರಾಗುತ್ತದೆ, ಆದ್ದರಿಂದ ಈ ಸಲ ಆಡುವುದಿಲ್ಲವೆಂದು ಅವಳು ಮೊದಲೇ ತಿಳಿಸಿದ್ದಳು. ಅದರ ಹಿಂದಿನ ತಿಂಗಳುಗಳಲ್ಲಿ ಹೈದರಾಬಾದಿನ ಮಸೀದಿಯ ಬಳಿ ಚಿತ್ರೀಕರಣವಾದದ್ದಕ್ಕೂ, ರಾಷ್ಟ್ರಧ್ವಜದ ಹತ್ತಿರ ಅವಳ ಕಾಲು ಕಂಡ ಛಾಯಾಚಿತ್ರಕ್ಕೂ ದೊಡ್ಡ ಗದ್ದಲವೆದ್ದಿತ್ತು. ಇಪ್ಪತ್ತೊಂದು ವರ್ಷದ ಮಗಳೊಬ್ಬಳು ತವರಿಗೆ ಬರಲು ಅಂಜಿದರೆ ಅದು ಮಗಳ ಸೋಲೋ, ತವರಿನ ಸೋಲೋ? ಆ ವಾರದ ಪಂದ್ಯಗಳ ಅಂಕಿಗಳು ಪುಸ್ತಕದಲ್ಲಿವೆ. ಆಡದೆ ಉಳಿದ ಆ ಪಂದ್ಯದ ಅಂಕಿ ಎಲ್ಲಿಯೂ ದಾಖಲಾಗಿಲ್ಲ.

ಇಲ್ಲಿ ಇನ್ನೊಂದು ನ್ಯಾಯವಾದ ಪ್ರಶ್ನೆಯಿದೆ. ಆಟಗಾರ್ತಿಯ ಮೇಲೆ ನಾವು ಇಷ್ಟೆಲ್ಲ ಹೊರೆ ಹೊರಿಸುವುದು ಸರಿಯೆ? ಅವಳು ಆಡಿದ್ದು ಗೆಲ್ಲುವುದಕ್ಕೆ. ದೇಶದ ಹೆಣ್ಣುಮಕ್ಕಳನ್ನು ಉದ್ಧರಿಸುತ್ತೇನೆಂದು ಯಾವ ಕಾಗದದ ಮೇಲೂ ಸಹಿ ಮಾಡಿದವಳಲ್ಲ. ಗಂಡಸು ಗೆದ್ದರೆ ಕಪ್ಪು ತೆಗೆದುಕೊಂಡು ಮನೆಗೆ ಹೋಗುತ್ತಾನೆ. ಹೆಂಗಸು ಗೆದ್ದರೆ ಕಪ್ಪಿನ ಜೊತೆಗೆ ತನ್ನ ಕುಲದವರೆಲ್ಲರ ಭವಿಷ್ಯವನ್ನೂ ಹೊತ್ತುಕೊಂಡು ಹೋಗಬೇಕೆಂಬುದು ಯಾವ ನ್ಯಾಯ? ಈ ಆಕ್ಷೇಪಣೆಯನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅವಳು 2013ರಲ್ಲಿ ಹೈದರಾಬಾದಿನಲ್ಲಿ ತನ್ನ ಹೆಸರಿನ ತರಬೇತಿ ಶಾಲೆ ತೆರೆದದ್ದು ಅವಳ ದೊಡ್ಡತನ. ತೆರೆಯದಿದ್ದರೂ ಅವಳ ಮೇಲೆ ಬಾಕಿಯೇನೂ ಇರುತ್ತಿರಲಿಲ್ಲ. ಬಾಕಿಯಿರುವುದು ಚಪ್ಪಾಳೆ ತಟ್ಟಿದವರ ಮೇಲೆ. ಬಳುವಳಿಯಲ್ಲಿ ಕೊಟ್ಟವರ ಕೆಲಸ ಕೊಡುವುದರೊಂದಿಗೆ ಮುಗಿಯಿತು. ಪಡೆದವರ ಕೆಲಸ ಅಲ್ಲಿಂದ ಮೊದಲಾಗುತ್ತದೆ.

ಇಷ್ಟು ಬರೆದು ಇಲ್ಲಿಗೇ ನಿಲ್ಲಿಸಿದರೆ ನಾನು ಸಮಾಜಕ್ಕೆ ಬುದ್ಧಿ ಹೇಳಿ ಕೈತೊಳೆದುಕೊಂಡಂತಾಗುತ್ತದೆ. ಆದ್ದರಿಂದ ನನ್ನ ಮನೆಯ ಮಾತನ್ನೂ ಹೇಳಬೇಕು.

2005ರ ಆ ಶನಿವಾರ ಚಹಾದಂಗಡಿಯಿಂದ ಮನೆಗೆ ಬಂದವನು ಪಂದ್ಯದ ವರ್ಣನೆಯನ್ನೆಲ್ಲ ಮಗಳ ಮುಂದೆ ಒಪ್ಪಿಸಿದೆ. ಆಗ ಅವಳಿಗೆ ಹದಿಮೂರು. ಮರುದಿನ ಅವಳು ಬ್ಯಾಟು ಬೇಕೆಂದಳು. ಟೆನ್ನಿಸ್ ಬ್ಯಾಟಿನ ಬೆಲೆ ಕೇಳಿ ಹೆದರಿ, ಸೂಪರ್ ಮಾರ್ಕೆಟ್ಟಿಗೆ ಹೋಗಿ ಶಟಲಿನ ಬ್ಯಾಟೊಂದು ತಂದುಕೊಟ್ಟೆ. ಮನೆಯ ಹಿಂದೆ ಶಹಾಬಾದಿ ಕಲ್ಲು ಹಾಸಿದ ತುಸು ಜಾಗವಿತ್ತು. ಅಲ್ಲಿ ಪ್ಲಾಸ್ಟಿಕ್ ಚೆಂಡನ್ನು ಗೋಡೆಗೆ ಹೊಡೆದು ಹೊಡೆದು, ಗೋಡೆಯ ಸುಣ್ಣ ವೃತ್ತಾಕಾರವಾಗಿ ಉದುರಿತು. ಆಮೇಲೆ ಶಾಲೆಯ ಮೈದಾನಕ್ಕೆ ಹೋಗತೊಡಗಿದಳು. ಜಿಲ್ಲೆಯ ಮಟ್ಟದಲ್ಲಿ ಶಟಲ್ ಆಡಿ ಒಮ್ಮೆ ಗೆದ್ದೂ ಬಂದಳು. ಆ ಆಟ ನೋಡಲು ನನಗೆ ಬಿಡುವಾಗಲಿಲ್ಲ.

ನಾನು ಅವಳಿಗೆ ಆಡಬೇಡ ಎಂದವನಲ್ಲ. ಅದನ್ನು ಖಂಡಿತವಾಗಿ ಹೇಳಬಲ್ಲೆ. ನಾನು ಹೇಳಿದ್ದು "ಈ ವರ್ಷ ಬ್ಯಾಡ" ಎಂದು. ಹತ್ತನೆಯ ಇಯತ್ತೆಯ ಪರೀಕ್ಷೆ ಮುಗಿಯಲಿ ಎಂದೆ. ಮರುವರ್ಷ, ಬಿಸಿಲು ಬಹಳ, ಮೈ ಕಪ್ಪಾಗುತ್ತದೆಂದು ಅವಳ ಅಜ್ಜಿ ಅಂದಾಗ ಸುಮ್ಮನಿದ್ದೆ. ಸಂಜೆ ಕತ್ತಲಾದ ಮೇಲೆ ಬರುತ್ತಾಳೆಂದು ಓಣಿಯವರು ಅಂದಾಗ ಅವರಿಗೆ ಉತ್ತರ ಕೊಡುವ ಬದಲು ಮಗಳಿಗೆ ಬೇಗ ಬಾ ಎಂದೆ. ಬೇಗ ಬರಬೇಕಾದವಳು ಹೋಗುವುದನ್ನೇ ಬಿಟ್ಟಳು. ಇದರಲ್ಲಿ ಕ್ರೌರ್ಯವೆಲ್ಲಿದೆ ಎಂದು ಯಾರಾದರೂ ಕೇಳಿದರೆ ತೋರಿಸಲು ಬರುವುದಿಲ್ಲ. ಒಂದೊಂದು ಮಾತೂ ಪ್ರೀತಿಯ ಮಾತು, ಕಾಳಜಿಯ ಮಾತು. ಬಾಗಿಲನ್ನು ಯಾರೂ ಮುಚ್ಚಲಿಲ್ಲ, ಎಲ್ಲರೂ ತುಸು ತುಸು ಮುಂದೂಡಿದೆವು, ಅದು ತಾನಾಗಿಯೇ ಮುಚ್ಚಿಕೊಂಡಿತು. ನಮ್ಮಂಥ ಮಧ್ಯಮವರ್ಗದ ಮನೆಗಳಲ್ಲಿ ಅನ್ಯಾಯ ನಡೆಯುವುದು ಬಹುಶಃ ಹೀಗೆಯೇ. ಅದಕ್ಕೆ ಗದರಿಕೆ ಬೇಕಾಗಿಲ್ಲ, "ಆಮೇಲೆ ನೋಡೋಣ" ಎಂದರೆ ಸಾಕು.

ಸೋಜಿಗವೆಂದರೆ, ಆ ವರ್ಷಗಳಲ್ಲಿಯೇ ನಾನು ಸಾನಿಯಾಳ ಪರವಾಗಿ ಕಟ್ಟೆಯ ಮೇಲೆ ವಾದಿಸುತ್ತಿದ್ದೆ. ಅವಳ ಉಡುಪಿನ ಮಾತೆತ್ತಿದವರನ್ನು ಸಂಕುಚಿತರೆಂದು ಜರೆದೆ. ನಾನು ಉದಾರಿಯೆಂಬ ಹೆಸರು ಬಂತು. ದೂರದ ಹೆಣ್ಣಿನ ಸ್ವಾತಂತ್ರ್ಯಕ್ಕೆ ಬೆಂಬಲ ಕೊಡುವುದಕ್ಕೆ ಖರ್ಚು ಇಲ್ಲ. ಅಕ್ಕಮಹಾದೇವಿಯ ಜಯಂತಿಯಲ್ಲಿ ಭಾಷಣ ಮಾಡಿ ಮನೆಗೆ ಬಂದು, ಮಗಳು ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದಳೆಂದು ಕೇಳುವವರು ನಾವು. ಗೆದ್ದವಳನ್ನು ಅಪೂರ್ವಳು, ಅಸಾಧಾರಣಳು ಎಂದು ಹೊಗಳುವುದರಲ್ಲಿಯೂ ಒಂದು ಚಾತುರ್ಯವಿದೆ. ಅವಳು ಅಸಾಧಾರಣಳಾದರೆ ನಮ್ಮ ಮನೆಯ ಸಾಧಾರಣ ಹುಡುಗಿಗೆ ಆ ದಾರಿ ಅನ್ವಯಿಸುವುದಿಲ್ಲ. ಪೂಜೆಯ ಕೋಣೆಯಲ್ಲಿಟ್ಟರೆ ಅಡಿಗೆಮನೆಗೆ ತೊಂದರೆಯಿಲ್ಲ.

2023ರ ಜನವರಿ 27ರಂದು ಮೆಲ್ಬೋರ್ನಿನಲ್ಲಿ ಸಾನಿಯಾ ತನ್ನ ಕೊನೆಯ ಮಹಾಪಂದ್ಯಾವಳಿಯ ಅಂತಿಮ ಪಂದ್ಯ ಆಡಿದಳು. ಜೊತೆಯಲ್ಲಿದ್ದವನು ನಮ್ಮ ಕೊಡಗಿನ ರೋಹನ್ ಬೋಪಣ್ಣ. ಹದಿನಾಲ್ಕರ ವಯಸ್ಸಿನಲ್ಲಿ ಮಿಶ್ರ ಜೋಡಿಯಾಟದಲ್ಲಿ ಅವಳ ಮೊದಲ ಜೊತೆಗಾರನಾಗಿದ್ದವನೂ ಅವನೇ. ಬ್ರೆಜಿಲಿನ ಜೋಡಿಗೆ ಸೋತರು. ಮಾತಾಡುವಾಗ ಅವಳ ಗಂಟಲು ಕಟ್ಟಿತು. ನಾಲ್ಕು ವರ್ಷದ ಮಗ ಅಂಕಣದ ಬದಿಯಲ್ಲಿದ್ದ. ಆ ದಿನ ನನ್ನ ಮಗಳು ತನ್ನ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಈಗ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಸುಖವಾಗಿದ್ದಾಳೆ. ಟಿ.ವಿ. ನೋಡುತ್ತ ನನ್ನ ಕಣ್ಣು ಒದ್ದೆಯಾದದ್ದನ್ನು ಕಂಡು ಅವಳು ಅಂದದ್ದು ಇಷ್ಟೇ: "ಅಪ್ಪಾ, ನೀವು ಆಕೀ ಮ್ಯಾಚ್ ಒಂದೂ ಬಿಡಲಿಲ್ಲ ನೋಡ್ರಿ." ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ಆಮೇಲೆ ಎದ್ದು ಚಹಾ ಮಾಡಲು ಹೋದಳು.

ಅಂದಿನಿಂದ ನಾನು ಈ ಬಳುವಳಿಯ ವಿಚಾರ ಮಾಡುತ್ತ ಬಂದಿದ್ದೇನೆ. ಸಾನಿಯಾಳ ದೊಡ್ಡ ಗೆಲುವುಗಳೆಲ್ಲ ಜೋಡಿಯಾಟದಲ್ಲಿ ಬಂದವು ಎಂದು ಕೆಲವರು ಅವನ್ನು ಒಂದು ತೂಕ ಕಡಿಮೆ ಮಾಡುತ್ತಾರೆ. ನನಗೆ ಅದರಲ್ಲಿಯೇ ಅರ್ಥವಿದೆಯೆಂದು ತೋರುತ್ತದೆ. 2015ರ ವಿಂಬಲ್ಡನ್ನಿನ ಅಂತಿಮ ಪಂದ್ಯದಲ್ಲಿ ಅವಳೂ ಹಿಂಗಿಸಳೂ ಕೊನೆಯ ಸೆಟ್ಟಿನಲ್ಲಿ 2-5ರಿಂದ ಹಿಂದಿದ್ದರು. ಅಲ್ಲಿಂದ ಎದ್ದು 7-5ರಿಂದ ಗೆದ್ದರು. ಆ ಆಟದಲ್ಲಿ ಒಬ್ಬಳು ಎಷ್ಟೇ ನಿಪುಣಳಾದರೂ ಅಂಕಣದ ಅರ್ಧವನ್ನು ಮಾತ್ರ ಕಾಯಬಲ್ಲಳು. ಇನ್ನರ್ಧದಲ್ಲಿ ಯಾರೂ ಇಲ್ಲದಿದ್ದರೆ ಚೆಂಡು ಅಲ್ಲಿಯೇ ಬಂದು ಬೀಳುತ್ತದೆ. ಅವಳು ತನ್ನ ಅರ್ಧವನ್ನು ಹದಿನೆಂಟು ವರ್ಷ ಕಾಯ್ದಳು. ಸಿಂಗಲ್ಸಿನಲ್ಲಿ ಜಗತ್ತಿನ ಮೊದಲ ಐವತ್ತರೊಳಗೆ ಇನ್ನೊಬ್ಬ ಭಾರತೀಯ ಮಹಿಳೆ ಇದುವರೆಗೆ ಬಂದಿಲ್ಲವೆಂದರೆ, ಬರಿದಾಗಿರುವುದು ನಮ್ಮ ಅರ್ಧ.

ಎಲ್ಲ ಹುಡುಗಿಯರೂ ಸಾನಿಯಾ ಆಗಬೇಕೆಂಬುದು ಇದರ ಅರ್ಥವಲ್ಲ. ಹಾಗೆ ಆಗಲಾರರು, ಆಗಬೇಕಾಗಿಯೂ ಇಲ್ಲ. ಶಹಾಬಜಾರದ ಹದಿಮೂರರ ಹುಡುಗಿಯೊಬ್ಬಳು ಸಂಜೆ ಆಡಿ ಬೆವರಿ, ಬ್ಯಾಟು ಹೆಗಲಿಗೆ ಹಾಕಿಕೊಂಡು ಓಣಿಯಲ್ಲಿ ನಡೆದು ಬರುವಾಗ ಯಾರೂ ತಿರುಗಿ ನೋಡದಿದ್ದರೆ ಸಾಕು. ಸೋತು ಬಂದರೂ ಮರುದಿನ ಹೋಗಲು ಅವಳಿಗೆ ಅಪ್ಪಣೆ ಬೇಕಾಗದಿದ್ದರೆ ಸಾಕು. ಹುಡುಗರಿಗೆ ಈ ಸೌಕರ್ಯ ಎಂದಿನಿಂದಲೂ ಇದೆ; ಅವರು ತೆಂಡೂಲ್ಕರ್ ಆಗದಿದ್ದರೂ ಮೈದಾನ ಅವರದೇ. ಹೆಣ್ಣುಮಕ್ಕಳು ಮಾತ್ರ ಆಡುವ ಹಕ್ಕನ್ನು ಗೆದ್ದು ಸಂಪಾದಿಸಬೇಕು ಎನ್ನುವುದು ಯಾತಕ್ಕೆ? ಗೆದ್ದವಳು ಬಿಟ್ಟುಹೋದ ಬಳುವಳಿ, ಗೆಲ್ಲದವರಿಗೂ ಆಡುವ ಹಕ್ಕಿದೆ ಎಂಬ ಈ ಮಾತೇ ಎಂದು ನಾನು ತಿಳಿದಿದ್ದೇನೆ.

2023ರ ಕೊನೆಯಲ್ಲಿ ನಮ್ಮ ಊರಿನ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಗಂಡಸರ ಅಂತರರಾಷ್ಟ್ರೀಯ ಟೆನ್ನಿಸ್ ಪಂದ್ಯಾವಳಿಯೊಂದು ನಡೆಯಿತು. ಮೊಮ್ಮಗಳನ್ನು ಕರೆದುಕೊಂಡು ಹೋದೆ. ನಲವತ್ತೈದು ಯಾಕಲ್ಲ, ನಲವತ್ತು ಯಾಕೆ ಎಂದು ಅವಳೂ ಕೇಳಿದಳು. ಹದಿನೆಂಟು ವರ್ಷವಾದರೂ ನಾನು ಅದರ ಉತ್ತರ ಕಲಿತಿರಲಿಲ್ಲ. ಬರುವಾಗ ಬ್ಯಾಟು ಬೇಕೆಂದಳು. ಈ ಸಲ ಬೆಲೆ ಕೇಳಿ ಹೆದರಿದೆನಾದರೂ ಕೊಂಡೆ. ರಜೆಯಲ್ಲಿ ಬಂದಾಗ ಸಂಜೆ ಐದಕ್ಕೆ ಅವಳನ್ನು ಅಂಕಣಕ್ಕೆ ಬಿಟ್ಟು, ನೀರಿನ ಬಾಟಲಿ ಹಿಡಿದು ಗೋಡೆಯ ನೆರಳಿಗೆ ಕುಳಿತಿರುತ್ತೇನೆ. ಆಟ ಇನ್ನೂ ಬರುವುದಿಲ್ಲ, ಚೆಂಡು ಜಾಲರಿಗೇ ಹೆಚ್ಚು ಬೀಳುತ್ತದೆ. ಕತ್ತಲಾಗುವ ತನಕ ಆಡುತ್ತಾಳೆ. ಓಣಿಯಲ್ಲಿ ಒಬ್ಬಿಬ್ಬರು ಈಗಲೂ ಏನಾದರೊಂದು ಕೇಳುತ್ತಾರೆ. ಉತ್ತರ ಹೇಳುವವನು ಈಗ ನಾನು.